ಬಡವರ ಸೇವೆ: ವೇದಿಕೆಯ ಮಾತು, ಮನೆಯ ಲೆಕ್ಕ

ಪ್ರತಿ ವರ್ಷ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ನಮ್ಮ ಪುಣೆಯ ಕನ್ನಡಿಗರ ಸಭೆಗಳಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳ ಸತ್ಕಾರ ಸಮಾರಂಭ ತಪ್ಪದೆ ನಡೆಯುತ್ತದೆ. ಒಂದು ಶಾಲು, ಒಂದು ಹಾರ, ಒಂದು ಪುಸ್ತಕ, ಒಂದು ಪಾಕೀಟು. ಆಮೇಲೆ ಕಾರ್ಯದರ್ಶಿಗಳು ಧ್ವನಿವರ್ಧಕವನ್ನು ಹುಡುಗನ ಬಾಯಿಯ ಮುಂದೆ ಹಿಡಿದು, "ಮುಂದೆ ಏನಾಗಬೇಕು ಅಂತ ಮಾಡೀಯಪ್ಪಾ?" ಎಂದು ಕೇಳುತ್ತಾರೆ. ಉತ್ತರವೂ ತಪ್ಪದೆ ಬರುತ್ತದೆ: "ಡಾಕ್ಟರಾಗಿ ಬಡವರ ಸೇವೆ ಮಾಡುತ್ತೇನೆ." ಸಭಾಗೃಹದ ತುಂಬ ಚಪ್ಪಾಳೆ. ತಾಯಿಯ ಕಣ್ಣು ಒದ್ದೆಯಾಗುತ್ತದೆ. ಅಧ್ಯಕ್ಷರು ತಮ್ಮ ಭಾಷಣದಲ್ಲಿ 'ವೈದ್ಯೋ ನಾರಾಯಣೋ ಹರಿಃ' ಎನ್ನುತ್ತಾರೆ. ಆ ಬಳಿಕ ಉಪ್ಪಿಟ್ಟು, ಶಿರಾ, ಚಹಾ.

ಈ ಚಪ್ಪಾಳೆಯನ್ನು ನಾನು ನಲವತ್ತು ವರ್ಷಗಳಿಂದ ತಟ್ಟುತ್ತ ಬಂದವನು. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ವೇದಿಕೆಯ ಮೇಲೆ ನನ್ನ ಮಗನೂ ಅದೇ ಮಾತನ್ನು ಆಡಿದ. ಹಿಂದಿನ ರಾತ್ರಿ ಆ ಮಾತನ್ನು ಅವನಿಗೆ ಬಾಯಿಪಾಠ ಮಾಡಿಸಿದವನು ನಾನೇ. ಆದ್ದರಿಂದ ಈ ಲೇಖನದಲ್ಲಿ ಯಾರಿಗಾದರೂ ಚುಚ್ಚಿದಂತೆ ಅನ್ನಿಸಿದರೆ, ಮೊದಲ ಚುಚ್ಚು ಬರೆದವನ ಮೈಗೇ ಎಂದು ವಾಚಕರು ತಿಳಿಯಬೇಕು.

ನನ್ನ ವಾದ ಇಷ್ಟೇ. ಬಡವರ ಸೇವೆ ಎಂಬುದು ಕೇವಲ ಒಳ್ಳೆಯ ಮನಸ್ಸಿನಿಂದ ಆಗುವ ಕೆಲಸವಲ್ಲ. ಅದಕ್ಕೆ ಒಂದು ಊರು ಬೇಕು, ಆ ಊರಿನ ಜನರ ಮಾತು ಬರಬೇಕು, ಅಲ್ಲಿ ಕಳೆಯಲು ವರ್ಷಗಳು ಬೇಕು. ಊರಿಗೆ ಮಕ್ಕಳನ್ನು ಕಳಿಸಲು ನಾವು ಸಿದ್ಧರಿಲ್ಲ. ಮಾತನ್ನು ಮನೆಯಲ್ಲಿಯೇ ಬಿಡಿಸಿದ್ದೇವೆ. ವರ್ಷಗಳನ್ನಂತೂ ಸ್ನಾತಕೋತ್ತರ ಸೀಟಿಗೆ, ಸಾಲದ ಕಂತಿಗೆ ಮೊದಲೇ ಬರೆದುಕೊಟ್ಟಿದ್ದೇವೆ. ಇಷ್ಟಾದ ಮೇಲೆ ಆ ಒಂದು ವಾಕ್ಯವನ್ನು ಮಾತ್ರ ಮಕ್ಕಳ ಬಾಯಿಯಲ್ಲಿ ಇಟ್ಟು ವೇದಿಕೆಗೆ ಹತ್ತಿಸುವುದು ಯಾವ ನ್ಯಾಯ?

ನನ್ನ ಮನೆಯ ಲೆಕ್ಕವನ್ನೇ ಮೊದಲು ಒಪ್ಪಿಸುತ್ತೇನೆ. ಮಗನಿಗೆ ಸರಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಓದು ಮುಗಿದ ಮೇಲೆ ಒಂದು ವರ್ಷ ಸರಕಾರ ಹೇಳಿದಲ್ಲಿ ದುಡಿಯಬೇಕು, ಇಲ್ಲವಾದರೆ ದಂಡ ಕಟ್ಟಬೇಕು ಎಂಬ ಬಾಂಡಿಗೆ ನಾವು ಸಹಿ ಮಾಡಿದ್ದೆವು. ಹೆಸರು ಕೇಳಿಯೇ ಇರದ ಒಂದು ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಆದೇಶ ಬಂದ ದಿನ ನಮ್ಮ ಮನೆಯಲ್ಲಿ ಊಟ ಆಗಲಿಲ್ಲ. "ಒಂದು ವರ್ಷ ಅಲ್ಲಿ ಹಾಳು ಮಾಡಿದರ ಮುಂದಿನ ಪರೀಕ್ಷೆಗೆ ಓದೋದು ಯಾವಾಗ ರೀ?" ಎಂದು ನನ್ನ ಹೆಂಡತಿ ಕೇಳಿದಳು. ಮಗ ಏನೂ ಮಾತಾಡಲಿಲ್ಲ. ನನ್ನ ಭವಿಷ್ಯನಿಧಿಯ ಹಣ ಬ್ಯಾಂಕಿನಲ್ಲಿತ್ತು. ಹತ್ತು ಲಕ್ಷ ರೂಪಾಯಿಯ ದಂಡವನ್ನು ಕಟ್ಟಿ ಬಂದೆ. ಅಂದರೆ ಬಡವರ ಸೇವೆ ಮಾಡುವುದಕ್ಕಲ್ಲ, ಮಾಡದೆ ಇರುವುದಕ್ಕೆ ನಾನು ಹತ್ತು ಲಕ್ಷ ಕೊಟ್ಟೆ! ಇಂದು ಅವನು ಬೇರೊಂದು ಮಹಾನಗರದ ಖಾಸಗಿ ಆಸ್ಪತ್ರೆಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡುತ್ತಾನೆ. ಒಳ್ಳೆಯ ಹುಡುಗ, ಕೆಲಸದಲ್ಲಿ ಪ್ರಾಮಾಣಿಕ. ದೋಷ ಅವನದಲ್ಲ. ಹೋಗಲೋ ಬೇಡವೋ ಎಂದು ಯೋಚಿಸುವ ಅವಕಾಶವನ್ನೇ ಅವನಿಗೆ ನಾವು ಕೊಡಲಿಲ್ಲ.

ಈ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ. ನೆನಪು ಮಾಡಿಕೊಟ್ಟವಳು ಯಾದಗಿರಿ ಜಿಲ್ಲೆಯ ಒಬ್ಬ ಹೆಣ್ಣುಮಗಳು. ಕಳೆದ ವರ್ಷ ನೆರೆಯವರೊಬ್ಬರ ಜೊತೆಗೆ ನಗರದ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಹೊರರೋಗಿಗಳ ಸಾಲಿನಲ್ಲಿ ಇಪ್ಪತ್ತೈದರ ಆಸುಪಾಸಿನ ಆಕೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಕೇಸ್ ಪೇಪರು ಹಿಡಿದು ನಿಂತಿದ್ದಳು. ಗಂಡ ಸ್ಲ್ಯಾಬ್ ಹಾಕುವ ಕೆಲಸ ಬಿಟ್ಟು ಬರುವಂತಿರಲಿಲ್ಲ. ಸರದಿ ಬಂದಾಗ ಆಕೆ ಹೇಳಿದ್ದು ಇಷ್ಟು: "ಎದ್ಯಾಗ ಸಂಕಟ ಆಗ್ಲಾಕತ್ತದ್ರೀ." ಕುರ್ಚಿಯಲ್ಲಿದ್ದ ತರುಣ ಡಾಕ್ಟರಿಗೆ ಕನ್ನಡ ಬಾರದು. 'ಸಂಕಟ' ಎಂಬ ಒಂದು ಶಬ್ದ ಮಾತ್ರ ಕಿವಿಗೆ ಬಿತ್ತು. ಮರಾಠಿಯಲ್ಲಿ ಸಂಕಟವೆಂದರೆ ಆಪತ್ತು, ವಿಪತ್ತು. ಎಂಥ ಸಂಕಟವಮ್ಮಾ ಎಂದು ಅವರು ಮರಾಠಿಯಲ್ಲಿ ಕೇಳಿದರು. ಈಕೆ "ಭಾಳ ಸಂಕಟ್ರೀ" ಎಂದಳು. ಮನೆಯಲ್ಲಿ ಹೊಡೆತ ಬಡಿತ ಇರಬಹುದೆಂದು ಅವರು ಕನಿಕರದಿಂದಲೇ ಆಕೆಯನ್ನು ಸಮಾಜಸೇವಕರ ಮೇಜಿಗೆ ಕಳಿಸಿದರು. ಅಲ್ಲಿಯೂ ಭಾಷೆ ಬಾರದೆ ಆಕೆ ಎರಡು ತಾಸು ಕುಳಿತಿದ್ದಳು.

ಅಷ್ಟರಲ್ಲಿ ನನ್ನ ಕಿವಿಗೆ ಆಕೆಯ ಕನ್ನಡ ಬಿತ್ತು. ನಾನು ಹೋಗಿ ಡಾಕ್ಟರಿಗೆ ಬಿಡಿಸಿ ಹೇಳಿದೆ. ಅವರು ತಕ್ಷಣ ಎದೆಗೆ ನಳಿಗೆ ಇಟ್ಟು ನೋಡಿದರು. ಹೃದಯದ ಕವಾಟದಲ್ಲಿ ತೊಂದರೆ ಇರುವಂತಿದೆ ಎಂದು ಬೇರೆ ವಿಭಾಗಕ್ಕೆ ಬರೆದುಕೊಟ್ಟರು. ದಮ್ಮು ಎಂದರೆ ಕನ್ನಡಿಗ, ಮರಾಠಿಗ ಇಬ್ಬರಿಗೂ ತಿಳಿಯುತ್ತದೆ. ಸಂಕಟ ಎಂದರೆ ಇಬ್ಬರಿಗೂ ತಿಳಿದಂತೆ ಅನ್ನಿಸುತ್ತದೆ. ಈ ಎರಡನೆಯದೇ ಹೆಚ್ಚು ಅಪಾಯದ್ದು. ಹೊರಡುವಾಗ ಆಕೆ ನನ್ನನ್ನು ಕೇಳಿದಳು: "ನೀವು ದಿನಾ ಇಲ್ಲೇ ಇರ್ತೀರೇನ್ರೀ ಅಣ್ಣಾರ?" ನನ್ನ ಬಳಿ ಉತ್ತರವಿರಲಿಲ್ಲ.

ಆ ತರುಣ ಡಾಕ್ಟರನ್ನು ಬಯ್ಯುವುದು ಸುಲಭ. ಆದರೆ ಆ ಕುರ್ಚಿಯಲ್ಲಿ ನನ್ನ ಮಗ ಕುಳಿತಿದ್ದರೂ ಹೀಗೆಯೇ ಆಗುತ್ತಿತ್ತು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಗೆಳೆಯರೊಡನೆ ಮರಾಠಿ ಹಿಂದಿ ಮಾತಾಡಿ ಬೆಳೆದ ಅವನಿಗೆ ಕನ್ನಡವೆಂದರೆ ಅಜ್ಜಿಯೊಡನೆ ಫೋನಿನಲ್ಲಿ ಆಡುವ ನಾಲ್ಕು ಮಾತು. ಧಾರವಾಡದ ಅಜ್ಜಿಯ ಕನ್ನಡವೇ ಅರ್ಧ ತಿಳಿಯದವನಿಗೆ ಯಾದಗಿರಿಯ ಎದೆಯ ಸಂಕಟ ಹೇಗೆ ತಿಳಿದೀತು?

ಈ ಪುಣೆಯಲ್ಲಿ ನಮ್ಮಂಥ ನೌಕರಿಯ ಕನ್ನಡಿಗರಲ್ಲದೆ ಇನ್ನೊಂದು ಕನ್ನಡ ಕುಲವಿದೆ ಎಂಬುದನ್ನು ನಾವು ಎಷ್ಟು ಜನ ಗಮನಿಸಿದ್ದೇವೆ? ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯಿಂದ ಬಂದ ಗವಂಡಿಗಳು, ಬಿಗಾರಿಗಳು, ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು. ನಾವಿರುವ ಸೊಸೈಟಿಗಳ ಇಟ್ಟಿಗೆ ಹೊತ್ತವರಲ್ಲಿ ಅವರೂ ಇದ್ದಾರೆ. ಮಜೂರರ ನಾಕಾದಲ್ಲಿ ಬೆಳಿಗ್ಗೆ ಎಂಟಕ್ಕೆ ಒಮ್ಮೆ ನಿಂತು ಕೇಳಿರಿ, ಎಂಥ ಗಟ್ಟಿ ಕನ್ನಡ ಕೇಳಿಬರುತ್ತದೆಂದು!

ಅವರ ಕಾಯಿಲೆಗಳು ಅವರ ಕೆಲಸದಂತೆಯೇ ಊರೂರು ತಿರುಗುತ್ತವೆ. ಕ್ಷಯರೋಗದ ಔಷಧಿ ಸರಕಾರದಿಂದ ಪುಕ್ಕಟೆ ಸಿಗುತ್ತದೆ. ಆದರೆ ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ಬಿಡದೆ ನುಂಗಬೇಕು. ಎರಡು ತಿಂಗಳಾಗುವಷ್ಟರಲ್ಲಿ ಸ್ಲ್ಯಾಬ್ ಮುಗಿಯುತ್ತದೆ, ಮುಕಾದಮ ಹಿಂಜವಡಿಯಿಂದ ವಾಘೋಲಿಗೆ ಕರೆದೊಯ್ಯುತ್ತಾನೆ. ಮಳೆ ಬಿದ್ದರೆ ಬಿತ್ತನೆಗೆಂದು ಊರಿಗೆ ಹೋಗುತ್ತಾರೆ. ಕಾರ್ಡು ಒಂದು ಕಡೆ, ರೋಗಿ ಒಂದು ಕಡೆ. ಕೂಸಿಗೆ ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಚುಚ್ಚುಮದ್ದು ಹೀಗೆಯೇ ತಪ್ಪುತ್ತದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರದ ಕಾಯಿದೆ ಬಂದಿತ್ತು. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವಲ್ಲಿ ಕೂಸುಗಳಿಗೆ ಕೋಣೆ ಇರಬೇಕು ಎನ್ನುತ್ತಿತ್ತು. ವರ್ಷದಲ್ಲಿ 90 ದಿನ ದುಡಿದವರು ಮಂಡಳಿಯಲ್ಲಿ ಹೆಸರು ನೋಂದಾಯಿಸಿ ನೆರವು ಪಡೆಯಬಹುದು ಎನ್ನುತ್ತಿತ್ತು. ಅರ್ಜಿ ಬರೆಯಬಲ್ಲವರಿಗೆ ಇದು ದೊಡ್ಡ ಸೌಲಭ್ಯ. ಆದರೆ 90 ದಿನ ದುಡಿದದ್ದಕ್ಕೆ ದಾಖಲೆ ತರುವುದು ನಾಲ್ಕು ಕಡೆ ದುಡಿದವಳಿಗೆ ಎಷ್ಟು ಕಷ್ಟ! ಇಂಥ ಜನಕ್ಕೆ ಬೇಕಾದ ಡಾಕ್ಟರು ಚೀಟಿ ಬರೆದು ಕಳಿಸುವವನಲ್ಲ. ಅವರ ಹಿಂದೆ ಹೋಗುವವನು, ಅವರ ಮಾತು ತಿಳಿದವನು.

"ಇದೆಲ್ಲ ಆದರ್ಶದ ಮಾತು, ನಡೆಯುವಂಥದಲ್ಲ" ಎನ್ನುವವರಿದ್ದಾರೆ. ನಡೆಸಿ ತೋರಿಸಿದವರು ನಮ್ಮವರೇ ಇದ್ದಾರೆ. ಡಾ. ಎಚ್. ಸುದರ್ಶನ್ ಅವರು 1973ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಬೆಂಗಳೂರಿನಲ್ಲಿಯೇ ದವಾಖಾನೆ ತೆರೆಯಬಹುದಾಗಿತ್ತು. ಅವರು ಬಿಳಿಗಿರಿರಂಗನ ಬೆಟ್ಟಕ್ಕೆ, ಸೋಲಿಗರ ನಡುವೆ ಹೋದರು. 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು. ಹೊರಗಿನವರನ್ನು ನಂಬದ ಕಾಡಿನ ಜನ ಮೊದಲು ಅವರನ್ನೂ ನಂಬಲಿಲ್ಲ. ಗುಡಿಸಲಿನಿಂದ ಗುಡಿಸಲಿಗೆ ತಾವೇ ನಡೆದು ಹೋಗಬೇಕಾಯಿತು. ಸೋಲಿಗರಲ್ಲಿ ಕುಡಗೋಲು ಕಣದ ರಕ್ತಹೀನತೆ ಇದೆಯೆಂಬುದು ತಿಳಿದದ್ದು ಹೀಗೆ ಅವರೊಡನೆ ಇದ್ದುದರಿಂದ. ಔಷಧಿಯೊಂದೇ ಸಾಲದೆಂದು ಮಕ್ಕಳಿಗೆ ಶಾಲೆ ತೆರೆದರು. 1986ರಲ್ಲಿ ಆರಂಭವಾದ ಕರುಣಾ ಟ್ರಸ್ಟು ಯಳಂದೂರು ತಾಲೂಕಿನ ಕುಷ್ಠರೋಗವನ್ನು ಕೈಗೆತ್ತಿಕೊಂಡಿತು. 1996ರಲ್ಲಿ ಗುಂಬಳ್ಳಿಯ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ವಹಿಸಿಕೊಂಡು ನಡೆಸಿತು. ಯಾವ ಕೇಂದ್ರಗಳನ್ನು ಕಂಡರೆ ನಮ್ಮ ಮಕ್ಕಳು ದಂಡ ಕಟ್ಟಿ ಓಡುತ್ತಾರೋ ಅಂಥದೇ ಒಂದು ಕೇಂದ್ರ ಎಂಬುದನ್ನು ಗಮನಿಸಬೇಕು.

ಪರ್ಯಾಯ ನೊಬೆಲ್ ಎಂದು ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು 1994ರಲ್ಲಿ, ಪದ್ಮಶ್ರೀ ಬಂದದ್ದು 2000ದಲ್ಲಿ. ನಾವು ಮಕ್ಕಳಿಗೆ ಹೇಳುವುದು ಈ ಎರಡು ಇಸವಿಗಳ ಕಥೆಯನ್ನು ಮಾತ್ರ. ಹೇಳಬೇಕಾದದ್ದು 1981ರಿಂದ 1994ರವರೆಗಿನ ಹದಿಮೂರು ವರ್ಷಗಳ ಕಥೆಯನ್ನು.

ಭಾಷೆಯ ಮಾತು ಬಂತು. ಡಾ. ಪ್ರಕಾಶ ಆಮ್ಟೆಯವರು ನಾಗಪುರದಲ್ಲಿ ಓದಿ 1970ರ ದಶಕದಲ್ಲಿ ಗಡಚಿರೋಲಿಯ ಕಾಡಿನ ಹೇಮಲಕಸಾಕ್ಕೆ ಹೋದಾಗ ಅಲ್ಲಿಯ ಮಾಡಿಯಾ ಜನರ ಮಾತು ಅವರಿಗೆ ಬರುತ್ತಿರಲಿಲ್ಲ. ಕಲಿತರು. ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ಣೀಸರು 1938ರಲ್ಲಿ ಚೀನಕ್ಕೆ ಹೋದರು. ಅಲ್ಲಿಯ ಭಾಷೆ ಕಲಿತು, ಅಲ್ಲಿಯವರಿಗೆ ದುಡಿದು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಇಲ್ಲದ ಭಾಷೆಯನ್ನು ಗಳಿಸಿದರು. ನಮ್ಮ ಮಕ್ಕಳಿಗೆ ತೊಟ್ಟಿಲಲ್ಲಿಯೇ ಪುಕ್ಕಟೆ ಸಿಕ್ಕಿದ ಭಾಷೆಯನ್ನು ನಾವು ಹಣ ಕೊಟ್ಟು ಮರೆಸುತ್ತಿದ್ದೇವೆ. ಕನ್ನಡ ಉಳಿಯಬೇಕೆಂದು ನಾವು ನವೆಂಬರಿನಲ್ಲಿ ಭಾಷಣ ಮಾಡುತ್ತೇವಲ್ಲ, ಅದು ಉಳಿಯಬೇಕಾದ ಒಂದು ಜಾಗ ಆಸ್ಪತ್ರೆಯ ಆ ಕುರ್ಚಿ.

ಪುಣೆಗಂತೂ ಈ ವಿಷಯದಲ್ಲಿ ದೊಡ್ಡ ಪರಂಪರೆ ಇದೆ. ಹತ್ತು ದಿನದ ಕೂಸನ್ನು ಕಳೆದುಕೊಂಡ ದುಃಖದಿಂದ ವೈದ್ಯವಿದ್ಯೆಯ ಕಡೆಗೆ ತಿರುಗಿದ ಆನಂದೀಬಾಯಿ ಜೋಶಿಯವರು 1886ರಲ್ಲಿ ಅಮೇರಿಕೆಯಲ್ಲಿ ಪದವಿ ಪಡೆದರು. ಅವರಿಗಾಗಿ ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀಯರ ವಿಭಾಗ ಕಾದಿತ್ತು. ಮರುವರ್ಷವೇ, ಇಪ್ಪತ್ತೊಂದರ ಪ್ರಾಯದಲ್ಲಿ, ಇದೇ ಪುಣೆಯಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಬಳಿಕ, 1897ರ ಪ್ಲೇಗಿನಲ್ಲಿ, ಸಾವಿತ್ರಿಬಾಯಿ ಫುಲೆಯವರು ತಮ್ಮ ದತ್ತುಪುತ್ರ ಡಾ. ಯಶವಂತರೊಡನೆ ಊರ ಹೊರಗೆ ರೋಗಿಗಳ ಶುಶ್ರೂಷೆಗೆ ನಿಂತರು. ಪ್ಲೇಗು ತಗುಲಿದ ಒಬ್ಬ ಹುಡುಗನನ್ನು ಮುಂಢವೆಯಿಂದ ಹೊತ್ತು ತಂದು, ತಾವೂ ಆ ರೋಗಕ್ಕೆ ಮಾರ್ಚ್ 10ರಂದು ಬಲಿಯಾದರು. ಗಮನಿಸಿರಿ, ಇಲ್ಲಿ ಮಗ ಡಾಕ್ಟರು. ರೋಗಿಯನ್ನು ಹೊತ್ತವಳು ತಾಯಿ. ಮಗನನ್ನು ಹಿಂದಕ್ಕೆ ಎಳೆದ ತಂದೆಯಾದ ನನಗೆ ಈ ಕಥೆ ಓದಲು ನಾಚಿಕೆಯಾಗುತ್ತದೆ. ನಮ್ಮ ಕಾಲಕ್ಕೇ ಬಂದರೆ, ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಬಾನೂ ಕೊಯಾಜಿಯವರು ವಢೂ ಗ್ರಾಮದ ಸುತ್ತಿನ ಹಳ್ಳಿಗಳಿಗೆ ಆರೋಗ್ಯದ ಕೆಲಸವನ್ನು ಒಯ್ದು, ಹಳ್ಳಿಯವರನ್ನೇ ತರಬೇತಿ ಕೊಟ್ಟು ನಿಲ್ಲಿಸಿದರು. 1993ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಈಗ ಆಕ್ಷೇಪಗಳಿಗೆ ಬರೋಣ.

ಮೊದಲನೆಯದು: "ಇಂಜಿನಿಯರನನ್ನು ಯಾರೂ ಕೇಳುವುದಿಲ್ಲ, ವಕೀಲನನ್ನು ಕೇಳುವುದಿಲ್ಲ, ಡಾಕ್ಟರೇ ಯಾಕೆ ತ್ಯಾಗ ಮಾಡಬೇಕು?" ನ್ಯಾಯವಾದ ಪ್ರಶ್ನೆ. ಆದರೆ ಡಾಕ್ಟರನ ವಿದ್ಯೆ ಬೇರೆ ವಿದ್ಯೆಗಳಂತಲ್ಲ. ಅವನ ಮೊದಲ ಸೂಜಿ ಯಾರ ತೋಳಿಗೆ? ಮೊದಲ ಹೊಲಿಗೆ ಯಾರ ಗಾಯಕ್ಕೆ? ಮೊದಲ ಹೆರಿಗೆ ಯಾರದು? ಸರಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಲಗಿದವರದು. ಹತ್ತು ವಿದ್ಯಾರ್ಥಿಗಳು ಸುತ್ತ ನಿಂತು ಹೊಟ್ಟೆ ಅದುಮಿ ನೋಡುವಾಗ ಆ ಬಡವ ಸುಮ್ಮನೆ ಮಲಗಿರುತ್ತಾನೆ. ಬಡವರ ಮೈಯೇ ನಮ್ಮ ಮಕ್ಕಳ ಪಾಟಿ. ಆ ಋಣ ಪದವಿಗೆ ಮುಂಚೆಯೇ ಆಗಿಹೋಗಿದೆ. ಅದನ್ನು ತೀರಿಸುವುದಕ್ಕೆ ತ್ಯಾಗವೆಂದು ದೊಡ್ಡ ಹೆಸರೇಕೆ?

ಎರಡನೆಯದು: "ಸರಕಾರ ಔಷಧಿ ಕೊಡುವುದಿಲ್ಲ, ಮನೆ ಕೊಡುವುದಿಲ್ಲ, ರೋಗಿ ಸತ್ತರೆ ಜನ ಡಾಕ್ಟರನ್ನೇ ಹೊಡೆಯುತ್ತಾರೆ." ಇದು ನಿಜ; ಅಲ್ಲಗಳೆಯಲಾರೆ. ಕರ್ನಾಟಕ ಸರಕಾರ 2012ರಲ್ಲಿ ಕಡ್ಡಾಯ ಸೇವೆಯ ಕಾಯಿದೆ ಮಾಡಿದಾಗ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಾಯಿದೆಯಿಂದ ಮೈಯನ್ನು ಕಳಿಸಬಹುದು, ಮನಸ್ಸನ್ನು ಕಳಿಸಲಾಗದು. ಆದರೆ ಏನೂ ಇಲ್ಲದಲ್ಲಿ ಏನು ಮಾಡಬಹುದೆಂಬುದಕ್ಕೆ ಅಹಮದನಗರ ಜಿಲ್ಲೆಯ ಜಾಮಖೇಡವನ್ನು ನೋಡಬೇಕು. (ಆ ಜಿಲ್ಲೆಗೆ ಈಗ ಅಹಿಲ್ಯಾನಗರವೆಂದು ಹೆಸರು.) 1970ರಲ್ಲಿ ಡಾ. ರಜನೀಕಾಂತ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು ಬರಪೀಡಿತವಾದ ಆ ತಾಲೂಕಿಗೆ ಹೋದರು. ಅಕ್ಷರ ಬಾರದ ಹಳ್ಳಿಯ ಹೆಂಗಸರಿಗೆ, ಅವರಲ್ಲಿ ಎಷ್ಟೋ ಜನ ದಲಿತರು, ಬಾಣಂತನ, ಕೂಸಿನ ಆರೈಕೆ, ಭೇದಿಯ ಉಪಚಾರ ಕಲಿಸಿ ಅವರನ್ನೇ ಊರಿನ ಆರೋಗ್ಯಸೇವಕಿಯರನ್ನಾಗಿ ಮಾಡಿದರು. ಕೂಸುಗಳ ಸಾವು ಇಳಿಯಿತು. ದೊಡ್ಡ ಯಂತ್ರಗಳಿಂದಲ್ಲ, ತಮಗೆ ಗೊತ್ತಿದ್ದುದನ್ನು ಡಾಕ್ಟರು ಬಚ್ಚಿಡದೆ ಹಂಚಿದ್ದರಿಂದ.

ಮೂರನೆಯದು, ನಮ್ಮ ಮನೆಗಳಲ್ಲಿ ಹೆಚ್ಚು ಕೇಳುವುದು: "ಮೊದಲು ಸೆಟ್ಲ್ ಆಗಲಿ, ಸೇವೆ ಆಮೇಲೆ ಇದ್ದೇ ಇದೆ." ಈ 'ಆಮೇಲೆ' ಎಂಬುದು ಯಾವ ವಯಸ್ಸಿಗೆ ಬರುತ್ತದೆಂದು ಯಾರಾದರೂ ಹೇಳಬಲ್ಲಿರಾ? ಪದವಿಯಾದ ಮೇಲೆ ಸ್ನಾತಕೋತ್ತರ, ಅದಾದ ಮೇಲೆ ಮದುವೆ, ಫ್ಲ್ಯಾಟು, ಮಕ್ಕಳ ಶಾಲೆ. ಖಾಸಗಿ ಕಾಲೇಜಿನ ಸೀಟಾದರೆ ಕೇಳುವುದೇ ಬೇಡ. ಸರಕಾರಿ ಸೀಟುಗಳು ವಿರಳವಾಗಿದ್ದ ಕಾಲದಲ್ಲಿ, 1953ರಲ್ಲಿ, ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆದದ್ದು ಸಾಹಸದ ಕೆಲಸವೇ ಸರಿ. ಆದರೆ ಮುಂದೆ ನಾಡಿನಲ್ಲಿ ವಿದ್ಯೆಯ ವ್ಯಾಪಾರ ಎಲ್ಲಿಗೆ ಮುಟ್ಟಿತೆಂದರೆ, 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಲು ಕಾಯಿದೆ ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಶುಲ್ಕದ ಪದ್ಧತಿಯನ್ನೇ ಖಂಡಿಸಬೇಕಾಯಿತು. ಹೊಲ ಮಾರಿ, ಮನೆ ಒತ್ತೆಯಿಟ್ಟು ಓದಿದ ಹುಡುಗ ಬಿಗಾರಿಯ ಕೂಸಿನ ಹತ್ತಿರ ಏನು ತೆಗೆದುಕೊಳ್ಳಲಾದೀತು? ಅವನು ಬಡವರ ಕಡೆ ಹೋಗದಿರುವುದು ದುಷ್ಟತನದಿಂದಲ್ಲ, ಲೆಕ್ಕದಿಂದ. ಆ ಲೆಕ್ಕ ಬರೆದವರು ನಾವು.

ಬರೀ ಬಯ್ದು ಕೂಡುವುದು ನನಗೆ ಇಷ್ಟವಿಲ್ಲ. ಪುಣೆಯ ಕನ್ನಡಿಗರಾಗಿ ನಾವು ಮಾಡಬಹುದಾದ ಮೂರು ಕೆಲಸಗಳನ್ನು ಮುಂದಿಡುತ್ತೇನೆ.

ಒಂದು, ಆಸ್ಪತ್ರೆಗಳಲ್ಲಿ ಕನ್ನಡದ ಕೂರುವಿಕೆ. ನಮ್ಮಲ್ಲಿ ನಿವೃತ್ತರು ಎಷ್ಟು ಜನರಿದ್ದೇವೆ! ವಾರಕ್ಕೆ ಅರ್ಧ ದಿನ ಒಬ್ಬೊಬ್ಬರು, ಆಸ್ಪತ್ರೆಯವರ ಅನುಮತಿ ಪಡೆದು, ಹೊರರೋಗಿಗಳ ಸಾಲಿನ ಹತ್ತಿರ ಕುಳಿತರೆ ಸಾಕು. ಡಾಕ್ಟರರಾಗಬೇಕಿಲ್ಲ. ಕನ್ನಡ ಮರಾಠಿ ಎರಡೂ ಬಂದರೆ ಆಯಿತು.

ಎರಡು, ವಿದ್ಯಾರ್ಥಿವೇತನದ ದಿಕ್ಕು ಬದಲಾಗಬೇಕು. ತೊಂಬತ್ತೈದು ಪ್ರತಿಶತ ಪಡೆದ ನಮ್ಮ ಮಕ್ಕಳಿಗೆ ಪಾಕೀಟು ಕೊಡುವ ಬದಲು, ಪತ್ರಾಶೆಡ್ಡಿನಲ್ಲಿ ಬೆಳೆದು ಹತ್ತನೆಯ ಇಯತ್ತೆ ಮುಟ್ಟಿದ ಕಾರ್ಮಿಕರ ಮಗಳಿಗೆ ಡಾಕ್ಟರಿಕೆಯ ತನಕ, ಕನಿಷ್ಠ ನರ್ಸಿಂಗ್ ತನಕ, ಸಾಲವಿಲ್ಲದೆ ಓದಿಸೋಣ. ಅಲ್ಲಿಂದ ಬಂದವಳಿಗೆ ಅಲ್ಲಿಗೆ ಹಿಂದಿರುಗುವ ದಾರಿ ಗೊತ್ತಿರುತ್ತದೆ.

ಮೂರು, ಬಾಂಡಿನ ವರ್ಷವನ್ನು ಗೌರವದ ವರ್ಷ ಮಾಡೋಣ. ದಂಡ ಕಟ್ಟದೆ ಹಳ್ಳಿಗೆ ಹೋದ ಹುಡುಗ ಹುಡುಗಿಯರನ್ನು, ವರ್ಷ ಮುಗಿಸಿ ಬಂದ ಮೇಲೆ ವೇದಿಕೆಗೆ ಕರೆಯೋಣ. ಏನಾಗುತ್ತೀಯಪ್ಪಾ ಎಂದು ಕೇಳುವುದು ಬೇಡ. ಯಾವ ಊರಲ್ಲಿ ಇದ್ದೆ, ಏನು ಕಂಡೆ, ಏನು ಇರಲಿಲ್ಲ ಎಂದು ಕೇಳೋಣ. ಅಲ್ಲಿ ತಟ್ಟುವ ಚಪ್ಪಾಳೆಗೆ ಅರ್ಥವಿರುತ್ತದೆ.

ಇದನ್ನು ಓದಿ ಸಿಟ್ಟಾದವರು ಬರೆಯಲಿ. "ನಿಮ್ಮ ಮಗ ಹೋಗಲಿಲ್ಲ, ನಮ್ಮ ಮಕ್ಕಳಿಗೆ ಉಪದೇಶವೇಕೆ?" ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆ ಪ್ರಶ್ನೆಯನ್ನು ನಾನು ದಿನವೂ ಕೇಳಿಕೊಳ್ಳುತ್ತೇನೆ. ಕಳೆದ ದೀಪಾವಳಿಗೆ ಮಗ ಬಂದಾಗ ಯಾದಗಿರಿಯ ಹೆಣ್ಣುಮಗಳ ಕಥೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ಆ ಆರ್ಡರ್ ಬಂದಾಗ ನನಗ ಒಮ್ಮೆ ಕೇಳಿದ್ದರ, ನಾ ಹೋಗತಿದ್ನೋ ಏನೋ" ಎಂದ. ಹೋಗುತ್ತಿದ್ದನೋ ಇಲ್ಲವೋ, ಈಗ ಅವನಿಗೂ ತಿಳಿಯದು, ನನಗೂ ತಿಳಿಯದು.

ಈಗ ನಾನು ಮಂಗಳವಾರ ಬೆಳಿಗ್ಗೆ ಆ ಆಸ್ಪತ್ರೆಯ ಸಾಲಿನ ಹತ್ತಿರ ಕೂಡುತ್ತೇನೆ. ಆ ಹೆಣ್ಣುಮಗಳು ಮತ್ತೆ ಕಾಣಲಿಲ್ಲ. ಕೆಲಸ ಬೇರೆ ಕಡೆಗೆ ಹೋಗಿರಬೇಕು. ಬೇರೆಯವರು ಬರುತ್ತಾರೆ. ಬುಧವಾರದಿಂದ ಶನಿವಾರದವರೆಗೆ ಆ ಬೆಂಚು ಖಾಲಿ ಇದೆ.